ಉರಿಗಾಂ ಬಂದಾಗ ಎಬ್ಬಿಸಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸೆಲ್ವರಾಜ್ ನಿದ್ದೆಬುರುಕನಾಗಿರಲಿಲ್ಲ. ಹೋದ ವರ್ಷ ಅವನ ಮಣ್ಣಿಗೆ ಬಂದಿದ್ದ ಜನ "ಪಾಪ, ಯಾವಾಗ ನೋಡಿದ್ರೂ ಮಲಗಿರ್ತಿದ್ದ" ಅಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಹೈಸ್ಕೂಲಿನಲ್ಲಿ ಅವನ ಜೊತೆ ಓದಿದವಳು ನಾನು. ಒಂದೇ ಒಂದು ಪಿರಿಯಡ್ಡು ಅವನು ಬಾಯಿ ಮುಚ್ಚಿ ಕೂತದ್ದನ್ನು ಕಂಡಿಲ್ಲ.

ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಅಪ್ಪ ರಾಮಚಂದ್ರಪ್ಪ ಚಿನ್ನದ ಗಣಿಯ ಊರಾದ ಉರಿಗಾಮಿನ ಲೈನ್ ಮನೆಗಳಿಗೆ ಹಾಲು ಹಾಕುತ್ತಿದ್ದ. ಕ್ಯಾನುಗಳ ನಡುವೆ ನನ್ನನ್ನೂ ಒಂದು ಕ್ಯಾನಿನ ಹಾಗೆ ಸೈಕಲ್ಲಿಗೆ ಹೇರಿಕೊಂಡು ಹೋಗಿ ಸ್ಕೂಲಿನ ಹತ್ತಿರ ಇಳಿಸುತ್ತಿದ್ದ. ಗಣಿ ಕೆಲಸದವರ ಆ ಲೈನುಗಳಲ್ಲಿ ಒಂದು ಕಟ್ಟಳೆ ಇತ್ತು. ಶಿಫ್ಟ್ ಮುಗಿಸಿ ಬಂದು ಮಲಗಿದವನನ್ನು ಯಾರೂ ಎಬ್ಬಿಸಬಾರದು. ನೆಂಟರು ಬಂದರೂ ಸರಿ, ಜಗಳ ಬಂದರೂ ಸರಿ. ಇದ್ದದ್ದು ಒಂದೇ ಕೋಣೆ, ಮಧ್ಯೆ ಒಂದು ಸೀರೆಯ ಮರೆ, ಅದರಾಚೆ ರಾತ್ರಿಯಿಡೀ ಭೂಮಿಯೊಳಗೆ ದುಡಿದು ಬಂದ ಗಂಡಸು. ಅಪ್ಪ ಅಲ್ಲಿ ಸೈಕಲ್ ಬೆಲ್ಲು ಹೊಡೆಯುತ್ತಿರಲಿಲ್ಲ. ಉಗುರಿನಿಂದ ಕ್ಯಾನು ತಟ್ಟುತ್ತಿದ್ದ. ನಲ್ಲಿಯ ಹತ್ತಿರ ಹೆಂಗಸರು ಒಬ್ಬರ ವಂಶ ಒಬ್ಬರು ಜಾಲಾಡುತ್ತಿದ್ದರೂ ಪಿಸುಮಾತಿನಲ್ಲೇ ಜಾಲಾಡುತ್ತಿದ್ದರು. ಯಾವ ಮಗು ಗಲಾಟೆ ಮಾಡಿದರೂ ತಾಯಂದಿರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ತೂಂಗಟ್ಟುಂ, ವಿಡು." ಮಲಗಲಿ ಬಿಡು.

ಅಂಥ ಒಂದು ಲೈನ್ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಬೆಳೆದ ಸೆಲ್ವ ಸ್ಕೂಲಿನ ಗೇಟು ದಾಟಿದ ಕೂಡಲೇ ಬಾಯಿ ಬಿಡುತ್ತಿದ್ದ. ಹೆಡ್ ಮಾಸ್ಟರರ ಕೆಮ್ಮು, ಗಣಿಯ ಸೈರನ್ನು, ನಮ್ಮಪ್ಪ ಹಸುವನ್ನು ಬೈಯುವುದು, ಎಲ್ಲವನ್ನೂ ಅಣಕ ಮಾಡುತ್ತಿದ್ದ. ಒಮ್ಮೆ ಅವನ ಸೈರನ್ನು ಕೇಳಿ ಗಣಿತದ ಮೇಷ್ಟ್ರು ಊಟಕ್ಕೆ ಎದ್ದೇ ಹೋದರು. ಮುಂದಿನ ಬೆಂಚಿನ ಅಂಬಿಕ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ನಕ್ಕು ನಕ್ಕೇ ಅವನನ್ನು ಕಟ್ಟಿಕೊಂಡಳು ಅಂತ ನಾವು ಈಗಲೂ ಆಡಿಕೊಳ್ಳುತ್ತೇವೆ. ಅತ್ತೆಯ ಮುಂದೆ ಅವಳಿಗೆ ಅವನು "ಅವರು", ನಮ್ಮ ಮುಂದೆ ಬರೀ "ಸೆಲ್ವ".

ತನ್ನ ಅಪ್ಪನ ಜಾಗದಲ್ಲಿ ಸೆಲ್ವನಿಗೂ ಗಣಿಯಲ್ಲಿ ಕೆಲಸ ಸಿಕ್ಕಿತು. ಇನ್ನೇನು ಬದುಕು ಒಂದು ದಡ ಕಂಡಿತು ಅನ್ನುವಾಗ ಗಣಿಗಳೇ ಮುಚ್ಚಿದವು. ಆಮೇಲೆ ಎಲ್ಲರಿಗೂ ಉಳಿದದ್ದು ಬೆಂಗಳೂರಿನ ರೈಲು. ಕತ್ತಲಲ್ಲಿ ಹೋಗುವುದು, ಕತ್ತಲಲ್ಲಿ ಬರುವುದು. ಸೆಲ್ವನಿಗೆ ಅಲ್ಲಿ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ. ತೂಕಡಿಸಿದ್ದು ಕ್ಯಾಮೆರಾದಲ್ಲಿ ಕಂಡರೆ ಕೆಲಸದಿಂದ ತೆಗೆಯುತ್ತಿದ್ದರು. ಅಂದರೆ ಅವನಿಗೆ ಸಂಬಳ ಕೊಡುತ್ತಿದ್ದದ್ದೇ ಎಚ್ಚರವಾಗಿರುವುದಕ್ಕೆ. ಉಳಿದ ಹೊತ್ತಿನಲ್ಲಿ ಎಲ್ಲಿ ಒರಗಿದರೆ ಅಲ್ಲಿ ನಿದ್ದೆ. ಹಸಿವು ರುಚಿಯರಿಯದು, ನಿದ್ದೆ ಸುಖವರಿಯದು ಅಂತ ಗಾದೆಯೇ ಇದೆಯಲ್ಲ.

ರೈಲಿನಲ್ಲಿ ಅವನ ಜೊತೆಗಾರ ಮೂರ್ತಿ. ಅವನೂ ನಮ್ಮ ಕ್ಲಾಸೇ, ನಮ್ಮ ಪಕ್ಕದ ಹಳ್ಳಿಯವನು, ಬೆಂಗಳೂರಿನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗುತ್ತಾನೆ. ಬೆಳಿಗ್ಗೆ ಸೆಲ್ವ ಉರಿಗಾಮಿನಲ್ಲಿ ಹತ್ತಿ, ಪಕ್ಕದ ಸೀಟಿನ ಮೇಲೆ ಊಟದ ಬ್ಯಾಗಿಟ್ಟು ಕಣ್ಣು ಮುಚ್ಚುತ್ತಿದ್ದ. ಬಂಗಾರಪೇಟೆಯಲ್ಲಿ ಮೂರ್ತಿ ಹತ್ತಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಸೆಲ್ವನ ತಲೆ ತಾನಾಗಿ ಅವನ ಹೆಗಲಿಗೆ ವಾಲುತ್ತಿತ್ತು. ಸಂಜೆಯೂ ಅದೇ ಹೆಗಲು. ಮೂರ್ತಿ ಬಂಗಾರಪೇಟೆಯಲ್ಲಿ ಇಳಿಯುವಾಗ ಅವನ ತಲೆಯನ್ನು ಮೆಲ್ಲಗೆ ಎತ್ತಿ ಬ್ಯಾಗಿಗೆ ಒರಗಿಸಿ, ಮುಂದಕ್ಕೆ ಹೋಗುವವರಿಗೆ "ಉರಿಗಾಂ ಬಂದಾಗ ಎಬ್ಬಿಸ್ರಪ್ಪಾ" ಅಂತ ಹೇಳಿ ಇಳಿಯುತ್ತಿದ್ದ. ಲೈನಿನ ಕಟ್ಟಳೆ ಹೀಗೆ ರೈಲನ್ನೂ ಹತ್ತಿತ್ತು. ತನ್ನ ಸ್ಟೇಷನ್ನು ಬರುವ ತನಕ ಮಲಗಿದವನನ್ನು ಯಾರೂ ಮುಟ್ಟುತ್ತಿರಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಒಂದು ಸಂಜೆ ಹತ್ತಿದಾಗಲೇ ಸೆಲ್ವ ಎದೆ ಉಜ್ಜಿಕೊಂಡು "ಗ್ಯಾಸು" ಅಂದನಂತೆ. ಅಷ್ಟು ಹೇಳಿ ಎಂದಿನಂತೆ ಹೆಗಲಿಗೆ ಒರಗಿದ. ಮಾಲೂರು ಹತ್ತಿರ ಬಂದಾಗ ಎದುರಿಗೆ ಕೂತಿದ್ದ ಒಬ್ಬ ಹೂವಿನ ಹೆಂಗಸು "ಏನಣ್ಣ, ಇವ್ರಿಗೆ ಇಷ್ಟೊಂದು ಬೆವರು, ಎಬ್ಬಿಸಿ ನೀರು ಕೊಡಿ" ಅಂದಳು. ಮೂರ್ತಿ ಅವಳಿಗೆ ಹೇಳಿದ್ದು ನಮ್ಮ ಕಡೆಯ ಯಾರೇ ಆದರೂ ಹೇಳುತ್ತಿದ್ದ ಮಾತೇ. "ಡ್ಯೂಟಿ ಮಾಡ್ಕೊಂಡ್ ಬಂದವ್ನೆ. ಮಲಗ್ಲಿ ಬಿಡಮ್ಮ." ಟವೆಲಿನಿಂದ ಬೆವರು ಒರೆಸಿದ. ಬಂಗಾರಪೇಟೆಯಲ್ಲಿ ತಲೆಯನ್ನು ಬ್ಯಾಗಿಗೆ ಒರಗಿಸಿ, ಹೇಳುವ ಮಾತು ಹೇಳಿ ಇಳಿದ. ಉರಿಗಾಮಿನಲ್ಲಿ ಎಬ್ಬಿಸಿದರೆ ಎದ್ದೇಳಲು ಸೆಲ್ವ ಇರಲಿಲ್ಲ. ಪ್ರಾಣ ಹೋಗಿ ಬಹಳ ಹೊತ್ತಾಯಿತು, ಮಾಲೂರಿನಲ್ಲೇ ಇಳಿಸಿ ಆಸ್ಪತ್ರೆಗೆ ಹಾಕಿದ್ದರೆ ಏನಾದರೂ ಮಾಡಬಹುದಿತ್ತೋ ಏನೋ ಅಂದರು ಡಾಕ್ಟರು. ಆ "ಏನೋ" ಇದೆಯಲ್ಲ, ಅದು ಮೂರ್ತಿಯನ್ನು ಅವತ್ತಿನಿಂದ ತಿನ್ನುತ್ತಿದೆ. ಈಗ ಸೀಟು ಖಾಲಿ ಇದ್ದರೂ ಅವನು ಬಾಗಿಲ ಹತ್ತಿರ ನಿಂತೇ ಹೋಗುತ್ತಾನೆ.

ಹೀಗಿರುವಾಗ ನಮ್ಮ ನರೇಶನಿಗೆ ಹಳೆಯ ಕ್ಲಾಸಿನವರನ್ನೆಲ್ಲ ಒಟ್ಟು ಸೇರಿಸುವ ಹುಚ್ಚು ಹಿಡಿಯಿತು. ಬಂಗಾರಪೇಟೆಯ ಬಜಾರಿನಲ್ಲಿ ಅವನಿಗೆ ಮೊಬೈಲ್ ಅಂಗಡಿ, ಕೈಯಲ್ಲಿ ಎಲ್ಲರ ನಂಬರು. ಒಂದು ಭಾನುವಾರಕ್ಕೆ ಮದುವೆ ಛತ್ರ ಗೊತ್ತುಮಾಡಿದ. ಭಾನುವಾರ ಬಿಟ್ಟರೆ ನಮ್ಮ ಕಡೆ ಗಂಡಸರು ಊರಲ್ಲಿ ಎಲ್ಲಿ ಸಿಗುತ್ತಾರೆ?

ಸುದ್ದಿ ತಿಳಿದ ದಿನವೇ ಅಂಬಿಕ ನನಗೆ ಫೋನು ಮಾಡಿದಳು. "ರಾಧಾ, ಮೂರ್ತಿ ಬರ್ಬೇಕು. ನೀನೇ ಕರ್ಕೊಂಡ್ ಬಾ. ಅವ್ನತ್ರ ನಾನೊಂದು ಕೇಳ್ಬೇಕು."

"ಏನು ಕೇಳ್ಬೇಕು?" ಅಂದೆ.

"ಅವ್ನತ್ರಾನೇ ಕೇಳ್ತೀನಿ," ಅಂದು ಇಟ್ಟುಬಿಟ್ಟಳು. ಮಣ್ಣಿನ ದಿನ ಅವಳು ಮೂರ್ತಿಯ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

ನಾನು ಹೋದಾಗ ಮೂರ್ತಿ ಕೊಟ್ಟಿಗೆಯಲ್ಲಿ ಕೂತಿದ್ದ. ಅವನ ಅವ್ವ ಅಶ್ವತ್ಥಮ್ಮ ನನ್ನನ್ನು ಬಾಗಿಲಲ್ಲೇ ತಡೆದಳು. "ಎಲ್ಗೂ ಕರ್ಕೊಂಡ್ ಓಗ್ಬೇಡ ಕಣಮ್ಮ. ಆ ಉಡ್ಗಿ ನಾಕ್ ಜನದ್ ಮುಂದೆ ಬೈದ್ರೆ ಇವ್ನು ಬಾವಿ ನೋಡ್ಕೋತಾನೆ." ಮುದುಕಿಯ ಮಾತು ಸುಳ್ಳಲ್ಲ ಅಂತ ನನಗೂ ಅನ್ನಿಸಿತು. ಆದರೂ ಒಳಗೆ ಹೋಗಿ ವಿಷಯ ಹೇಳಿದೆ.

ಮೂರ್ತಿ ಹಸುವಿನ ಮುಂದಕ್ಕೆ ಹುಲ್ಲು ಸರಿಸಿದ. ಆಮೇಲೆ ಅಂದ, "ಬತ್ತೀನಿ ಕಣೆ ರಾಧಾ. ಅವ್ಳು ಒಟ್ಟೆ ತುಂಬ ಬೈದ್ಬಿಟ್ರೆ ನನ್ಗೂ ಒಂದ್ ಜೊಂಪು ನಿದ್ದೆ ಬತ್ತದೇನೋ."

ಛತ್ರದಲ್ಲಿ ನರೇಶ ದೊಡ್ಡ ಫ್ಲೆಕ್ಸ್ ಹಾಕಿಸಿದ್ದ. ಬದುಕಿರುವವರ ಫೋಟೋ ಮೇಲೆ, ಹೋದವರದು ಕೆಳಗೆ ಒಂದು ಸಾಲು. ಆ ಸಾಲಿನಲ್ಲಿ ಸೆಲ್ವನದು ಸೆಕ್ಯೂರಿಟಿ ಟೋಪಿಯ ಫೋಟೋ, ಬೇರೆ ಸಿಕ್ಕಿರಲಿಲ್ಲವಂತೆ. ಒಬ್ಬೊಬ್ಬರೂ ಮೈಕಿನ ಮುಂದೆ ನಿಂತು ತಮ್ಮ ಕಥೆ ಹೇಳಬೇಕು ಅಂತ ಅಪ್ಪಣೆಯಾಯಿತು. ನಮ್ಮ ವಯಸ್ಸಿನಲ್ಲಿ ಕಥೆ ಅಂದರೆ ಏನು, ಶುಗರ್ ಎಷ್ಟು, ಬಿಪಿ ಎಷ್ಟು, ಯಾವ ಮಂಡಿ ನೋವು. ಆದರೂ ಚಪ್ಪಾಳೆ ಬಿದ್ದವು, ನಗುವೂ ಬಂತು. ಮೂರ್ತಿ ತನ್ನ ಹೆಸರು ಹೇಳಿ ಕೂತುಬಿಟ್ಟ. ಅಂಬಿಕ ಮೈಕು ಮುಟ್ಟಲೇ ಇಲ್ಲ.

ಊಟವಾದ ಮೇಲೆ ಕೈ ತೊಳೆಯುವ ನಲ್ಲಿಗಳ ಹತ್ತಿರ ಅವಳು ಅವನನ್ನು ಹಿಡಿದಳು. ನಾನು ಮಧ್ಯೆ ನಿಂತೆ. ಬೈದರೆ ಅವಳ ಬಾಯಿ ಮುಚ್ಚಿಸಬೇಕೋ, ಅತ್ತರೆ ಅವನನ್ನು ಹಿಡಿದುಕೊಳ್ಳಬೇಕೋ ನನಗೇ ಗೊತ್ತಿರಲಿಲ್ಲ. ಮೂರ್ತಿ ಒದ್ದೆ ಕೈ ಒರೆಸಿಕೊಳ್ಳದೆ ತಲೆ ತಗ್ಗಿಸಿ ನಿಂತ. "ಬೈಯಿ ಅಂಬಿಕಾ," ಅಂದ. "ಅವತ್ತು ನಾನು ಎಬ್ಬಿಸ್ಬೇಕಾಗಿತ್ತು."

"ಅದಕ್ಕಲ್ಲಪ್ಪಾ ನಾನ್ ಬಂದಿದ್ದು," ಅಂದಳು ಅಂಬಿಕ. "ನಾನಾಗಿದ್ರೂ ಎಬ್ಬಿಸ್ತಿರ್ಲಿಲ್ಲ. ಭಾನುವಾರ ಮಧ್ಯಾಹ್ನ ಅವ್ನು ಹೆಂಗೆ ಮಲಗಿದ್ರೂ ನಾನ್ ಎಬ್ಬಿಸಿದ್ದುಂಟಾ? ಮಕ್ಕಳ ಬಾಯಿ ಮುಚ್ಚಿಸ್ಕೊಂಡು ಕೂತಿರ್ತಿದ್ದೆ."

ಮೂರ್ತಿ ತಲೆ ಎತ್ತಿದ. ಅವನ ಮುಖದ ಬಿಗಿ ಸ್ವಲ್ಪ ಸಡಿಲವಾದದ್ದು ನನಗೆ ಕಂಡಿತು.

"ಚೈತ್ರ ಈಗ ಬಸುರಿ," ಅಂದಳು ಅಂಬಿಕ. ಚೈತ್ರ ಅವಳ ಮಗಳು. "ಮೊನ್ನೆ ಕೇಳಿದ್ಳು, ಅಮ್ಮಾ, ನನ್ ಮಗೂಗೆ ತಾತನ ಬಗ್ಗೆ ಏನ್ ಹೇಳ್ಲಿ, ಅಪ್ಪ ಹೆಂಗಿದ್ರು ಅಂತ. ನನ್ ಬಾಯಲ್ಲಿ ಮಾತೇ ಬರ್ಲಿಲ್ಲ ಮೂರ್ತಿ. ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿ ಕೊಡ್ತಿದ್ದೆ, ಅರ್ಧ ಕಣ್ಣಲ್ಲಿ ಈಸ್ಕೊಂಡ್ ಹೋಗ್ತಿದ್ದ. ರಾತ್ರಿ ಬಂದು ತಟ್ಟೆ ಮುಂದೇನೇ ತೂಕಡಿಸ್ತಿದ್ದ. ಇಷ್ಟು ವರ್ಷ ಒಂದೇ ಮನೇಲಿದ್ದು ಅವ್ನ ಜೊತೆ ಕೂತು ನೆಟ್ಟಗೆ ಒಂದ್ ಮಾತಾಡಿದ್ದು ನೆನಪಿಲ್ಲ. ಆಮೇಲೆ ಯೋಚನೆ ಬಂತು, ನೀನಿದ್ಯಲ್ಲ ಅಂತ. ದಿನಾ ಹೋಗ್ತಾ ಬರ್ತಾ ನಿನ್ ಪಕ್ಕದಲ್ಲೇ ಇದ್ದ. ನನಗೆ ಸಿಗದೇ ಇದ್ದೋನು ನಿನಗೆ ಸಿಕ್ಕಿರ್ತಾನೆ. ಹೇಳು, ಏನ್ ಮಾತಾಡ್ತಿದ್ದ? ನಮ್ ಬಗ್ಗೆ ಏನಾದ್ರೂ ಅಂತಿದ್ನಾ? ಮಗಳ ಬಗ್ಗೆ? ಸ್ಕೂಲಲ್ಲಿ ಮಾಡ್ತಿದ್ನಲ್ಲ, ಹಂಗೆ ನಗಿಸ್ತಿದ್ನಾ?"

ಅವಳ ಮುಖದಲ್ಲಿ ಎಂಥ ಆಸೆ ಇತ್ತು ಅಂದರೆ, ಅದನ್ನು ನೋಡಲಾರದೆ ನಾನು ನಲ್ಲಿಯ ಕಡೆ ತಿರುಗಿದೆ. ಸುಳ್ಳು ಹೇಳೋ ಮಾರಾಯ, ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಹೇಳು. ಮಗಳ ಮದುವೆ ಗೊತ್ತಾದ ದಿನ ರೈಲಿನಲ್ಲಿ ಲಾಡು ಹಂಚಿದ ಅನ್ನು, ನಿನ್ನ ಕೈಯಡುಗೆ ಹೊಗಳುತ್ತಿದ್ದ ಅನ್ನು. ನಾನಾಗಿದ್ದರೆ ನಿಂತ ಕಾಲಲ್ಲಿ ಹತ್ತು ಸುಳ್ಳು ಹೇಳುತ್ತಿದ್ದೆ. ಮೂರ್ತಿಯ ಕೈಯನ್ನು ಚಿವುಟಿದೆ ಕೂಡ.

ಆದರೆ ಮೂರ್ತಿಗೆ ಸ್ಕೂಲಿನಲ್ಲೂ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಮಲಗ್ತಿದ್ದ ಕಣಮ್ಮ," ಅಂದ. "ಬೆಳಿಗ್ಗೆ ನಾನು ಗಾಡಿ ಅತ್ತೋ ಒತ್ಗೆ ಮಲಗಿರ್ತಿದ್ದ. ಸಂಜೆ ಕೂತಿದ್ ತಕ್ಷಣ ಮಲಗ್ತಿದ್ದ. ಮಾತಿಲ್ಲ, ಕತೆಯಿಲ್ಲ."

"ಯಾವತ್ತೂ?"

"ಮೊದಮೊದ್ಲು ಒಂದೊಂದ್ ಮಾತು ಆಡ್ತಿದ್ದ. ಆಮ್ಯಾಕೆ ಅದೂ ಇಲ್ಲ." ಏನಾದರೂ ಕೊಡಲೇಬೇಕು ಅನ್ನಿಸಿರಬೇಕು ಅವನಿಗೆ. ತಡಕಾಡಿ ತಡಕಾಡಿ ತನ್ನಲ್ಲಿ ಇದ್ದದ್ದನ್ನೇ ತೆಗೆದ. "ಎಡಗೈ ಮುಷ್ಟಿ ಇಡ್ಕೊಂಡು ಮಲಗ್ತಿದ್ದ. ಒಂದೊಂದ್ಸಲ ಅಲ್ಲು ಕಡೀತಿದ್ದ. ಟೇಕಲ್ ಟೇಸನ್ ತಾವ ಒಂದ್ಸಲ ಉಸ್ಸಂತ ಉಸಿರು ಬಿಟ್ಟು ತಿರುಗ್ತಿದ್ದ..."

"ಅದು ನನಗೂ ಗೊತ್ತು ಮೂರ್ತಿ," ಅಂದಳು ಅಂಬಿಕ. "ಅದೊಂದೇ ನನಗೂ ಗೊತ್ತಿರೋದು."

ಒಳಗೆ ನರೇಶ ಮೈಕಿನಲ್ಲಿ ನಮ್ಮ ಹೆಸರು ಕೂಗಿ ಗ್ರೂಪ್ ಫೋಟೋಗೆ ಕರೆಯುತ್ತಿದ್ದ. ಅಂಬಿಕ ಅಳಲಿಲ್ಲ. ನಲ್ಲಿ ತಿರುಗಿಸಿ, ತೊಳೆದ ಕೈಯನ್ನೇ ಮತ್ತೆ ತೊಳೆದಳು. ಆಮೇಲೆ ನಮ್ಮಿಬ್ಬರನ್ನೂ ನೋಡಿ, ಜಗಳದ ದನಿಯಲ್ಲಲ್ಲ, ನಿಜವಾಗಿ ತಿಳಿಯದೆ ಕೇಳುವವಳ ಹಾಗೆ ಕೇಳಿದಳು. "ಹಂಗಾದ್ರೆ ಅವ್ನು ಎಚ್ಚರಾಗಿದ್ದಿದ್ದು ಯಾರ ಜೊತೆ?"

ಅವನ ಎಚ್ಚರವನ್ನೆಲ್ಲ ಬೆಂಗಳೂರಿನ ಆ ಗೇಟು ತೆಗೆದುಕೊಂಡಿತ್ತು. ಬರುವ ಕಾರಿಗೆ ಸಲಾಮು, ಹೋಗುವ ಕಾರಿಗೆ ಸಲಾಮು. ಅಲ್ಲಿ ಹೋಗಿ ಕೇಳೋಣವೆಂದರೆ ಯಾರನ್ನು ಕೇಳುವುದು? ನಮ್ಮ ಹತ್ತಿರ ಇದ್ದದ್ದು ಸೈರನ್ನು ಕೂಗುತ್ತಿದ್ದ ಒಬ್ಬ ಸ್ಕೂಲು ಹುಡುಗ. ಅವನು ಅಂಬಿಕಳಿಗೂ ಗೊತ್ತಿದ್ದವನೇ. ಚೈತ್ರ ಕೇಳಿದ ಅಪ್ಪ ನಮ್ಮ ಯಾರ ಹತ್ತಿರವೂ ಇರಲಿಲ್ಲ.

ಫೋಟೋದಲ್ಲಿ ನಿಂತೆವು. ನರೇಶ ನಗಿ ಅಂದಾಗ ನಕ್ಕೆವೋ ಏನೋ, ಆ ಫೋಟೋ ನಾನಿನ್ನೂ ನೋಡಿಲ್ಲ.

ಸಂಜೆಯ ಗಾಡಿಗೆ ಅಂಬಿಕಳನ್ನು ಕಳಿಸಲು ಮೂರ್ತಿಯೂ ನಾನೂ ಬಂಗಾರಪೇಟೆ ಸ್ಟೇಷನ್ನಿಗೆ ಹೋದೆವು. ಉರಿಗಾಮಿಗೆ ಅಲ್ಲಿಂದ ಎಷ್ಟು ದೂರ, ಕೂತು ಏಳುವಷ್ಟರಲ್ಲಿ ಬಂದುಬಿಡುತ್ತದೆ. ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಬ್ಯಾಗನ್ನು ಮಡಿಲಲ್ಲಿಟ್ಟು, ಕಂಬಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು.

ಮೂರ್ತಿ ಅದನ್ನು ನೋಡಿದ. ನೋಡಿದವನೇ ಕಿಟಕಿಗೆ ಹಾರಿ ಕಂಬಿಯನ್ನು ಬಡಿಯತೊಡಗಿದ. "ಅಂಬಿಕಾ! ಏ ಅಂಬಿಕಾ! ಎದ್ದೇಳು!"

ಅವಳು ಬೆಚ್ಚಿ ಕಣ್ಣು ಬಿಟ್ಟಳು. "ಎದ್ದೇ ಇದೀನಿ ಕಣೋ."

ಗಾಡಿ ಹೊರಟಿತು. ಮೂರ್ತಿ ಕಿಟಕಿಯ ಜೊತೆಗೇ ನಡೆದ, ಆಮೇಲೆ ಓಡಿದ, ಕಂಬಿ ಬಡಿಯುವುದನ್ನು ಬಿಡಲಿಲ್ಲ. ಬೋಗಿಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. "ಮಲಗ್ಬೇಡ! ಎದ್ದೇಳು, ಎದ್ದೇಳು!" ಅನ್ನುತ್ತ ಪ್ಲಾಟ್‌ಫಾರಂ ಮುಗಿಯುವ ತನಕ ಓಡಿದ. ಗಾಡಿ ಹೋದ ಮೇಲೂ ಅವನ ಕೈ ಗಾಳಿಯಲ್ಲಿ ಬಡಿಯುತ್ತಲೇ ಇತ್ತು. ನಾನು ಹೋಗಿ ಆ ಕೈ ಹಿಡಿದುಕೊಂಡೆ.