ನಾನು ಇಳಿದರೆ ಬ್ಲೇಡು ನಿಲ್ಲುತ್ತದೆ

ನನ್ನ ತೂಕ ನಲವತ್ತೊಂದು ಕೆ.ಜಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆಮೇಲೆ ಆದದ್ದಕ್ಕೆಲ್ಲ ನಾನು ದೂರಿದ್ದು ಈ ನಲವತ್ತೊಂದು ಕೆ.ಜಿ.ಯನ್ನೇ. ತಪ್ಪು ತೂಕದ್ದಲ್ಲ, ನಾಲಿಗೆಯದ್ದು ಅಂತ ಒಪ್ಪಿಕೊಳ್ಳಲು ಬಹಳ ದಿನ ಹಿಡಿಯಿತು.

ಹಂಗಳದಿಂದ ಬಂಡೀಪುರದ ಕಡೆ ಹೋಗುವಾಗ ಒಂದು ರೆಸಾರ್ಟ್ ಸಿಗುತ್ತದೆ. ನಾನೂ ನನ್ನ ಓರಗಿತ್ತಿಯೂ, ಅಂದರೆ ನನ್ನ ಮೈದುನನ ಹೆಂಡತಿಯೂ, ಅಲ್ಲಿ ತೋಟದ ಕೆಲಸಕ್ಕಿದ್ದೇವೆ. ರೆಸಾರ್ಟಿನ ಮುಂದೆ ಎರಡೆಕರೆ ಹುಲ್ಲುಹಾಸು. ಹುಲ್ಲು ಬೆಳೆಸಿ, ದನಕ್ಕೂ ಹಾಕದೆ ಕತ್ತರಿಸಿ ಸುರಿಯುವುದನ್ನು ಮೊದಲ ಸಲ ನೋಡಿ ನಮ್ಮತ್ತೆ "ಇವ್ರ್ಗೇನ್ ತಲೆ ಕೆಟ್ಟದಾ?" ಅಂದಿದ್ದರು. ಅದನ್ನು ಕತ್ತರಿಸುವುದಕ್ಕೆ, ಮೇಲೆ ಕೂತು ಓಡಿಸುವ ಯಂತ್ರವೊಂದಿದೆ. ಅದನ್ನು ಓಡಿಸುತ್ತಿದ್ದವನು ಕೆಲಸ ಬಿಟ್ಟಾಗ ಮ್ಯಾನೇಜರು ಗಂಡಸರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳುತ್ತಿದ್ದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಯಾಕ್ ಸಾ, ನಾವ್ ಕಣ್ಗೆ ಕಾಣಕಿಲ್ವಾ? ಮೊಪೆಡ್ ಓಡ್ಸೋಳ್ಗೆ ಇದೇನ್ ಮಹಾ?" ಅಂದುಬಿಟ್ಟೆ. ಹಾಗೆ ಅದು ನನ್ನ ಪಾಲಿಗೆ ಬಂತು.

ಯಂತ್ರದ ಹೊಟ್ಟೆಯ ಕೆಳಗೆ ಬಾಣಲೆ ಬೋರಲು ಹಾಕಿದಂಥ ಕಬ್ಬಿಣದ ತೊಟ್ಟಿಯಿದೆ. ಅದಕ್ಕೆ ಡೆಕ್ ಅನ್ನುತ್ತಾರೆ. ಒಳಗೆ ಮೊಳದುದ್ದದ ಎರಡು ಬ್ಲೇಡುಗಳು ತಿರುಗುತ್ತವೆ, ಕತ್ತರಿಸಿದ ಹುಲ್ಲು ಬಲಗಡೆಯ ಬಾಯಿಂದ ಆಚೆ ಬೀಳುತ್ತದೆ. ಕುಡುಗೋಲಾದರೆ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ಈ ಬ್ಲೇಡು ತಿರುಗುವಾಗ ಕಾಣುವುದೇ ಇಲ್ಲ. ನನಗೆ ಮೊದಲ ದಿನದಿಂದಲೂ ಅದೇ ಭಯ.

ಯಂತ್ರದ ಕಂಪನಿಯವನೊಬ್ಬ ಮೈಸೂರಿನಿಂದ ಬಂದು ಅರ್ಧ ದಿನ ನಿಂತು ಕಲಿಸಿದ. ಡೆಕ್ಕಿಗೆ ಕೈ ಹಾಕುವ ಮುಂಚೆ ಬ್ಲೇಡು ನಿಲ್ಲಿಸುವ ಲಿವರ್ ಎಳೆಯಬೇಕು, ಬ್ರೇಕ್ ಹಾಕಬೇಕು, ಇಂಜಿನ್ ಆರಿಸಿ ಕೀ ತೆಗೆದುಕೊಳ್ಳಬೇಕು, ಆಮೇಲೂ ಬ್ಲೇಡು ಪೂರ್ತಿ ನಿಲ್ಲುವ ತನಕ ಕಾಯಬೇಕು. ಹುಲ್ಲು ಕಟ್ಟಿಕೊಂಡರೆ ಕೈ ಹಾಕಬಾರದು, ಕೋಲಿನಿಂದ ಕೆದಕಬೇಕು. ಕೊನೆಗೆ ಸೀಟು ಎತ್ತಿ ಅದರಡಿಯ ಸ್ವಿಚ್ಚು ತೋರಿಸಿದ. ಬ್ಲೇಡು ತಿರುಗುವಾಗ ಕೂತವರು ಎದ್ದರೆ ಅದು ಇಂಜಿನ್ನನ್ನೇ ನಿಲ್ಲಿಸಿಬಿಡುತ್ತದಂತೆ. ಆ ಹೊತ್ತಿಗೆ ನನಗೆ ಎಷ್ಟು ಧೈರ್ಯ ಬಂತೆಂದರೆ, ಉಳಿದದ್ದೆಲ್ಲ ಹಗುರಾಗಿ ಕಂಡಿತು.

ಅಂದು ಓರಗಿತ್ತಿ ಬೇರೆ ಕಡೆ ಪಾತಿ ಮಾಡುತ್ತಿದ್ದಳು. ಅವಳಿಗೆ ಹೇಳಿಕೊಡುವ ಕೆಲಸ ನನ್ನದಾಯಿತು. ಅಷ್ಟೂ ಮಾತನ್ನು ನಾನು ಒಂದೇ ಮಾತಿಗೆ ಇಳಿಸಿದೆ. "ನೋಡಮ್ಮಿ, ನಾನ್ ಮ್ಯಾಲ್ ಕೂತಿದ್ರೆ ಅತ್ರ ಬರ್ಬ್ಯಾಡ. ನಾನ್ ಇಳಿದ್ರೆ ಬ್ಲೇಡು ನಿಂತದೆ ಅಂತ ತಿಳ್ಕೊ. ಅಷ್ಟೇಯ."

ಎಷ್ಟು ಚೆನ್ನಾಗಿ ಹೇಳಿಕೊಟ್ಟೆ ಅಂತ ಬೀಗಿದ್ದೆ ಬೇರೆ.

ಯಂತ್ರದ ಮುಂದೆ ನಡೆದು ಕಲ್ಲು, ಬಾಟಲಿ ಮುಚ್ಚಳ, ಕೋತಿ ಎಸೆದ ಚಿಪ್ಪು ಆರಿಸುವುದು ಅವಳ ಕೆಲಸ. ಹಿಂದೆ ಬಿದ್ದ ಹುಲ್ಲು ಗುಡ್ಡೆ ಮಾಡುವುದೂ ಅವಳದೇ. ಡೆಕ್ಕಿನ ಬಾಯಿಗೆ ಒದ್ದೆ ಹುಲ್ಲು ಮುದ್ದೆಯಾಗಿ ಕಟ್ಟಿಕೊಂಡರೆ ನಾನು ಇಳಿಯುತ್ತಿದ್ದೆ, ಅವಳು ಬಂದು ಕಿತ್ತು ತೆಗೆಯುತ್ತಿದ್ದಳು. ಕೋಲು ಮಾತ್ರ ಮುಟ್ಟಳು. ಅವಳ ತವರು ಸಂತೆಮರಹಳ್ಳಿ. ಮದುವೆಗೆ ಮುಂಚೆ ಅಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸ ಮಾಡಿದವಳು. ಬಿಸಿನೀರಲ್ಲಿ ತೇಲುವ ಗೂಡಿನಿಂದ ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಹುಡುಕಿ ಎತ್ತುವುದು ಬೆರಳ ತುದಿಯ ಕೆಲಸ. "ನನ್ ಬೆರಳ್ಗೆ ಕಣ್ಣದೆ ಕಣಕ್ಕ, ಕೋಲ್ಗೆ ಏನದೆ?" ಅನ್ನುತ್ತಿದ್ದಳು. ಅವಳು ಬೆರಳಾಡಿಸಿದರೆ ಆ ಮುದ್ದೆ ಒಂದೇ ಸಲಕ್ಕೆ ಆಚೆ ಬರುತ್ತಿದ್ದದ್ದು ನಿಜ. ನಾನೂ ಸುಮ್ಮನಿದ್ದೆ.

ಆ ವರ್ಷ ಕಾಡುಹಂದಿಗಳು ಬೇಲಿ ನುಗ್ಗಿ ಹುಲ್ಲುಹಾಸನ್ನು ಅಲ್ಲಲ್ಲಿ ಉತ್ತುಹಾಕಿದವು. ಮಣ್ಣು ಮುಚ್ಚಿದರೂ ನೆಲ ಏರುತಗ್ಗಾಗೇ ಉಳಿಯಿತು. ಯಂತ್ರ ಕುಲುಕಿದಾಗಲೆಲ್ಲ ನಾನು ಸೀಟಿನಿಂದ ಹಾರುತ್ತಿದ್ದೆ, ಸ್ವಿಚ್ಚು ಯಾರೂ ಇಲ್ಲ ಅಂದುಕೊಳ್ಳುತ್ತಿತ್ತು, ಇಂಜಿನ್ ನಿಂತುಹೋಗುತ್ತಿತ್ತು. ಮತ್ತೆ ಲಿವರ್ ಎಳಿ, ಮತ್ತೆ ಕೀ ತಿರುಗಿಸು. ಒಂದು ಸುತ್ತಿಗೆ ಏಳೆಂಟು ಸಲ. ವರಾಂಡದಲ್ಲಿ ಕೂತ ಅತಿಥಿಗಳು ನಗುತ್ತಿದ್ದರು. ಮ್ಯಾನೇಜರು ಕೇರಳದವರು, ಅಕ್ಕ ಅನ್ನುವುದಕ್ಕೆ ಅವರ ಮಾತಲ್ಲಿ ನನ್ನನ್ನು ಚೇಚಿ ಅಂತಲೇ ಕರೆಯುವುದು. "ಚೇಚಿ, ನಿಮಗಿಂತ ಹಂದಿ ವೆಯ್ಟ್ ಜಾಸ್ತಿ ಇದೆ. ಅದನ್ನೇ ಕೂರಿಸೋಣ" ಅಂದರು. ಎಲ್ಲರೂ ನಕ್ಕರು. ನನಗೆ ಉರಿದುಹೋಯಿತು. ಮಾರನೇ ದಿನ ಹತ್ತು ಕೆ.ಜಿ. ರಾಗಿಹಿಟ್ಟಿನ ಚೀಲ ತಂದು ಬೆನ್ನ ಹಿಂದೆ ಇಟ್ಟುಕೊಂಡೆ. ಅದು ಜಾರಿ ಬಿದ್ದು ಒಡೆದು, ಹಿಟ್ಟೆಲ್ಲ ಹುಲ್ಲಿನ ಮೇಲೆ ಚೆಲ್ಲಿತು. ಮತ್ತೆ ನಗು.

ಇದೇ ವಾರ ಓರಗಿತ್ತಿಗೂ ನನಗೂ ಜಗಳವಾಯಿತು. ಕಾರಣ ಹೇಳಲು ನಾಚಿಕೆ. ನನ್ನ ಮಿಕ್ಸಿ ಜಾರು ಈಸಿಕೊಂಡವಳು ಮುಚ್ಚಳದ ವಾಷರ್ ಕಳೆದು ವಾಪಸ್ಸು ಕೊಟ್ಟಳು. ನಾನು, "ನಿಮ್ ಸಂತೆಮರಹಳ್ಳಿಯೋರ್ಗೆ ಕೊಟ್ಟದ್ದು ನೆಟ್ಗೆ ಬಂದದ್ ಯಾವತ್ತು?" ಅಂದುಬಿಟ್ಟೆ. ಅವಳನ್ನು ಎಷ್ಟು ಬೇಕಾದರೂ ಬಯ್ಯಬಹುದಿತ್ತು, ತವರನ್ನು ಎತ್ತಬಾರದಿತ್ತು. ಅವಳು ಮಾತು ಬಿಟ್ಟಳು. ಎರಡು ದಿನ ಕಳೆದ ಮೇಲೆ ಅಣ್ಣನ ಮಗುವಿನ ನಾಮಕರಣಕ್ಕೆಂದು ಸಂತೆಮರಹಳ್ಳಿಗೆ ಹೊರಟಳು. ಬಸ್ಸು ಹತ್ತುವಾಗಲೂ ನನ್ನ ಕಡೆ ನೋಡಲಿಲ್ಲ.

ಅವಳು ಇಲ್ಲದಾಗ ರೆಸಾರ್ಟಿನ ಬಾವಿಯ ಮೋಟಾರು ಕೆಟ್ಟಿತು. ಗುಂಡ್ಲುಪೇಟೆಯಿಂದ ಪಂಪ್‌ಸೆಟ್ ಮೆಕ್ಯಾನಿಕ್ ಒಬ್ಬ ಬಂದಿದ್ದ. ನನ್ನ ಪಾಡು ನೋಡಲಾರದೆ ಅವನೇ ಬಂದು ಸೀಟು ಎತ್ತಿದ. ಸ್ವಿಚ್ಚಿನ ಎರಡು ವೈರು ಎಳೆದು, ತುದಿ ಸುಲಿದು, ಹೊಸೆದು, ಟೇಪು ಸುತ್ತಿದ. ಬೀಡಿ ಆರುವುದರೊಳಗೆ ಕೆಲಸ ಮುಗಿದಿತ್ತು.

"ಡೈರೆಕ್ಟ್ ಕೊಟ್ಬುಟ್ಟಿವ್ನಿ ಕಣಕ್ಕ. ಇನ್ ನೀನಿಲ್ದೇ ಇದ್ರೂ ಓಡ್ತದೆ!"

ನಮ್ಮ ಕಡೆ ಡೈರೆಕ್ಟ್ ಕೊಡುವುದು, ಅಂದರೆ ಸ್ವಿಚ್ಚು ತಪ್ಪಿಸಿ ವೈರು ಸೇರಿಸುವುದು, ತಪ್ಪು ಅಂತ ಯಾರಿಗೂ ಅನ್ನಿಸುವುದಿಲ್ಲ. ಹೊಲದಲ್ಲಿ ಸ್ಟಾರ್ಟರ್ ಕೈಕೊಟ್ಟರೆ ಡೈರೆಕ್ಟ್, ಗಾಡಿಯ ಕೀ ಕಳೆದರೆ ಡೈರೆಕ್ಟ್. ಕೊಟ್ಟವನು ಜಾಣ. ಅಂದು ನಾನು ಒಂದು ಸಲವೂ ಇಂಜಿನ್ ನಿಲ್ಲದೆ ಇಡೀ ಹುಲ್ಲುಹಾಸು ಕತ್ತರಿಸಿದೆ. ವರಾಂಡದ ಕಡೆ ತಲೆಯೆತ್ತಿ ನೋಡಿದೆ ಕೂಡ.

ಸಂಜೆ ಕೊನೇ ಸುತ್ತಿನಲ್ಲಿ ಒಂದು ಹೆಂಚಿನ ಚೂರು ಕಂಡು, ಎತ್ತಲೆಂದು ಇಳಿದೆ. ಹಿಂದೆ ಇಂಜಿನ್ ಓಡುತ್ತಲೇ ಇತ್ತು. ಬ್ಲೇಡೂ. ಸೀಟು ಖಾಲಿ, ಡೆಕ್ಕಿನ ಬಾಯಿಂದ ಹುಲ್ಲು ಬೀಳುತ್ತಲೇ ಇದೆ. ಓರಗಿತ್ತಿಗೆ ಹೇಳಬೇಕು ಅಂತ ಆಗಲೇ ಅನ್ನಿಸಿತು. ಸತ್ಯವಾಗಿ ಅನ್ನಿಸಿತು. ಅವಳು ಬರಲಿ, ಮೊದಲು ಇದನ್ನೇ ಹೇಳುತ್ತೇನೆ ಅಂದುಕೊಂಡೆ.

ನಾಲ್ಕು ದಿನದ ಮೇಲೆ ಬಂದಳು. ನಮ್ಮೆರಡು ಮನೆಗೂ ನಡುವೆ ಒಂದೇ ಗೋಡೆ. ಅವಳು ಬಟ್ಟೆ ಒಗೆಯಲು ಬಂದಾಗ ನಾನು ಕೊಡ ಹಿಡಿದು ನಿಂತೆ. ನಾಲಿಗೆ ತುದಿಗೆ ಬಂತು. ಆದರೆ ನಾನೇ ಮೊದಲು ಬಾಯಿ ತೆಗೆದರೆ ಸೋತ ಹಾಗಲ್ಲವೇ? ಅವಳೂ ತಲೆ ಎತ್ತಲಿಲ್ಲ. ನಾಳೆ ಹೇಳಿದರಾಯಿತು ಅಂತ ಒಳಗೆ ಹೋದೆ.

ಮಾರನೇ ದಿನ ಕೆಲಸದಲ್ಲೂ ಹೇಳಲಿಲ್ಲ. ಅದಕ್ಕೆ ಬದಲು ನಾನೇ ಹುಷಾರಾಗಿದ್ದರೆ ಸಾಕು ಅಂದುಕೊಂಡೆ. ಇಳಿಯುವ ಮುಂಚೆ ಪ್ರತಿ ಸಲವೂ ಲಿವರ್ ಎಳೆಯುತ್ತಿದ್ದೆ, ಎಳೆದೆನಾ ಅಂತ ತಿರುಗಿ ನೋಡುತ್ತಿದ್ದೆ, ಎರಡು ಹೆಜ್ಜೆ ಹೋಗಿ ಮತ್ತೆ ನೋಡುತ್ತಿದ್ದೆ. ಎರಡು ದಿನ ಅನ್ನ ಇಳಿಯಲಿಲ್ಲ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತಲ್ಲ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಎಲ್ಲರೂ ಹೇಳುತ್ತಾರೆ. ಆಡದಿದ್ದರೆ ಏನು ಹೋಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಮೂರನೇ ದಿನ ಗೋಪಾಲಸ್ವಾಮಿ ಬೆಟ್ಟ ಬೆಳಿಗ್ಗೆಯಿಂದಲೂ ಮೋಡದೊಳಗೇ ಇತ್ತು. ಬೆಟ್ಟ ಕಾಣದ ದಿನ ಹುಲ್ಲು ಒಣಗುವುದಿಲ್ಲ, ಕತ್ತರಿಸಬಾರದು. ಆದರೆ ಸಂಜೆಗೆ ಹುಲ್ಲುಹಾಸಿನ ಮೇಲೆ ಯಾರದೋ ಆರತಕ್ಷತೆ, ಮ್ಯಾನೇಜರು ಬಿಡಲಿಲ್ಲ. ಕರೆಂಟಿಲ್ಲದೆ ಜನರೇಟರ್ ಬೇರೆ ಯಂತ್ರದ ಸದ್ದು ಮುಳುಗುವ ಹಾಗೆ ಪಕ್ಕದಲ್ಲೇ ಅರಚುತ್ತಿತ್ತು. ಮೂರು ಸುತ್ತಿಗೆ ಡೆಕ್ಕಿನ ಬಾಯಿ ಕಟ್ಟಿಕೊಂಡಿತು. ಇಂಜಿನ್ ಆರಿಸದೆ ಯಂತ್ರದ ಓಟವಷ್ಟೇ ನಿಲ್ಲಿಸಿ, ಬ್ಲೇಡು ನಿಲ್ಲಿಸಲು ಲಿವರಿನ ಮೇಲೆ ಕೈ ಇಟ್ಟಿದ್ದೆ. ಆಗ ಕಾರೊಂದು ನೇರವಾಗಿ ಒದ್ದೆ ಹುಲ್ಲಿನ ಮೇಲೇ ಬಂತು. ನಾನು ವಾರವೆಲ್ಲ ಮಣ್ಣು ಹಾಕಿ ಸರಿ ಮಾಡಿದ ಜಾಗದಲ್ಲಿ ಚಕ್ರ ಹೂತು, ಕೆಸರು ಎರಚಿ ಗಿರಗಿರ ತಿರುಗುತ್ತಿತ್ತು.

ಕೋಪ ಬಂದರೆ ನನ್ನ ಕಾಲಿಗೆ ಬುದ್ಧಿಯಿರುವುದಿಲ್ಲ. "ಯಾರ್ಲಾ ಅದು!" ಅಂತ ಕೂಗಿ ಹಾರಿದವಳೇ ಕಾರಿನ ಕಡೆ ಓಡಿದೆ.

ಹತ್ತು ಹೆಜ್ಜೆ ಹೋಗಿರಬಹುದು. ಅಷ್ಟು ಗದ್ದಲದಲ್ಲೂ ಹಿಂದೆ ಟಕ್ ಅಂತ ಒಂದು ಸದ್ದು ಕೇಳಿತು, ಕೊಂಬೆ ಮುರಿದಂಥದ್ದು. ಆ ಕ್ಷಣಕ್ಕೆ ನೆನಪಾಯಿತು. ತಿರುಗಿದೆ. ಅವಳು ಕಿರುಚಲಿಲ್ಲ. ಡೆಕ್ಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ತನ್ನ ಬಲಗೈಯನ್ನು ಮುಖದ ಹತ್ತಿರ ಹಿಡಿದು ನೋಡುತ್ತಿದ್ದಳು. ತೋರುಬೆರಳಿನ, ನಡುಬೆರಳಿನ ತುದಿ ಇರಲಿಲ್ಲ. ಅಯ್ಯೋ ಶಿವನೇ, ನಾನು ಹೇಗೆ ಓಡಿದೆನೋ, ಕೀ ಹೇಗೆ ತಿರುಗಿಸಿದೆನೋ, ಸೆರಗು ಹರಿದು ಹೇಗೆ ಸುತ್ತಿದೆನೋ ಗೊತ್ತಿಲ್ಲ.

ಜೀಪಿನಲ್ಲಿ ಗುಂಡ್ಲುಪೇಟೆಗೆ ಹೋದೆವು. ಅಲ್ಲಿ ಕಟ್ಟು ಹಾಕಿ ಚಾಮರಾಜನಗರಕ್ಕೆ ಹೋಗಿ ಅಂದರು. ತೆರಕಣಾಂಬಿ ದಾಟುವ ತನಕ ಅವಳು ಕಣ್ಣು ಮುಚ್ಚಿಕೊಂಡು ನನ್ನ ಹೆಗಲಿಗೆ ಒರಗಿದ್ದಳು. ಆಮೇಲೆ ಕಣ್ಣು ತೆರೆದು, ಮಾತು ಬಿಟ್ಟ ಮೇಲೆ ಮೊದಲ ಸಲ ನನ್ನೊಂದಿಗೆ ಮಾತಾಡಿದಳು.

"ಅಕ್ಕ, ನೀನ್ ಇಳ್ದಿದ್ದೆ ಅಲ್ವಾ? ನಾನ್ ನೋಡ್ಕಂಡೇ ಬಂದೆ. ಇಲ್ಲಾ, ನನ್ ಕಣ್ಗೇ ಏನಾರಾ ಆಗದಾ?"

"ಊಂ. ಇಳ್ದಿದ್ದೆ" ಅಂದೆ. ಅಷ್ಟೇ ಅಂದೆ. ಉಳಿದದ್ದನ್ನು ಹೇಳಲು ಆಗಲೂ ಬಾಯಿ ಬರಲಿಲ್ಲ.

ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಮ್ಯಾನೇಜರು, ಓಡುವ ಯಂತ್ರಕ್ಕೆ ಕೈ ಹಾಕಿದಳು ಅಂತ ಹೇಳಿದರು. ನನ್ನ ಮೈದುನನೂ "ನಿಂಗ್ ಗ್ಯಾನ ಬ್ಯಾಡ್ವಾ?" ಅಂತ ಅವಳನ್ನೇ ಗದರಿದ. ಅವಳು ಎಲ್ಲರಿಗೂ "ಊಂ, ನಂದೇ ತಪ್ಪು" ಅನ್ನುತ್ತಿದ್ದಳು. ನಾನು ಅಲ್ಲೇ ಫ್ಲಾಸ್ಕು ಹಿಡಿದು ನಿಂತಿದ್ದೆ. ನಾಚಿಕೆಗೆಟ್ಟವಳು, ಫ್ಲಾಸ್ಕು ಹಿಡಿದು ನಿಂತೇ ಇದ್ದೆ.

ಮನೆಗೆ ಬಂದ ಮೇಲೆ ಅವಳ ಮನೆಯ ಅಡುಗೆ, ಬಟ್ಟೆ ಎಲ್ಲ ನಾನೇ ಮಾಡಿದೆ. ಊರವರು, ಓರಗಿತ್ತಿ ಅಂದರೆ ಹಿಂಗಿರಬೇಕು ಅಂದರು. ಆ ಮಾತು ಕೇಳಿದಾಗಲೆಲ್ಲ ಮೈಮೇಲೆ ಕೆಂಡ ಸುರಿದಂತಾಗುತ್ತಿತ್ತು. ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಅವಳಿಗೆ ಜಡೆ ಹಾಕುತ್ತಿದ್ದೆ. ಹಿಂದೆ ಕೂತರೆ ಮುಖ ಕಾಣುವುದಿಲ್ಲವಲ್ಲ, ಆ ಧೈರ್ಯದಲ್ಲಿ ಎಲ್ಲ ಹೇಳಿದೆ. ಮೆಕ್ಯಾನಿಕ್ ಬಂದದ್ದು, ಡೈರೆಕ್ಟ್ ಕೊಟ್ಟದ್ದು, ನಾನು ಇಳಿದರೂ ಬ್ಲೇಡು ನಿಲ್ಲುವುದಿಲ್ಲ ಅಂತ ನನಗೆ ಗೊತ್ತಿದ್ದದ್ದು, ಕೊಡ ಹಿಡಿದು ನಿಂತು ಹೇಳದೇ ಒಳಗೆ ಹೋದದ್ದು. ಅಳು ಬಂದು ಜಡೆ ತಪ್ಪಿತು. ಬಿಚ್ಚಿ ಮತ್ತೆ ಹೆಣೆದೆ.

ಅವಳು ಮಡಿಲಲ್ಲಿಟ್ಟ ಕೈಯನ್ನೇ ನೋಡುತ್ತಿದ್ದಳು.

"ಒಂದ್ ಮಾತ್ ಏಳ್ಬುಟ್ಟು, ಆಮೇಲ್ ಬೇಕಾರೆ ಮತ್ತೆ ಮಾತ್ ಬುಡ್ಬೋದಾಗಿತ್ತಲ್ಲಕ್ಕ" ಅಂದಳು.

ಮಾರನೇ ದಿನವೇ ಮ್ಯಾನೇಜರಿಗೂ ಮೈದುನನಿಗೂ ಹೇಳಿದೆ. ಮೈದುನ ಇವತ್ತಿಗೂ ನನ್ನ ಕೈಯ ನೀರು ಕುಡಿಯುವುದಿಲ್ಲ, ಅದು ಸರಿಯೇ. ಮೈಸೂರಿನವನು ಬಂದು ವೈರು ಬಿಚ್ಚಿ ಸ್ವಿಚ್ಚನ್ನು ಮೊದಲಿನಂತೆ ಮಾಡಿದ. ಸೀಟಿನ ಕೆಳಗಿನ ಸ್ಪ್ರಿಂಗನ್ನು ತಿರುಗಿಸಿ, ನನ್ನ ತೂಕಕ್ಕೆ ತಕ್ಕ ಹಾಗೆ ಮೆದು ಮಾಡಿದ. ಕಾಲು ಗಂಟೆಯೂ ಹಿಡಿಯಲಿಲ್ಲ. ಮೊದಲೇ ಒಂದು ಫೋನ್ ಮಾಡಬಾರದಿತ್ತೇ ಅಂದ.

ಅವಳು ಮತ್ತೆ ಕೆಲಸಕ್ಕೆ ಬರುತ್ತಿದ್ದಾಳೆ. ಉಳಿದ ಬೆರಳಲ್ಲಿ ಕೋಲು ಹಿಡಿಯುವುದು ಕಲಿತಿದ್ದಾಳೆ. ಮಾತು ಬಿಟ್ಟಿಲ್ಲ, ಮಿಕ್ಸಿ ಜಾರೂ ಈಸಿಕೊಳ್ಳುತ್ತಾಳೆ. ಡೆಕ್ಕಿನ ಬಾಯಿ ಕಟ್ಟಿಕೊಂಡರೆ ನಾನು ಲಿವರ್ ಎಳೆದು, ಬ್ರೇಕ್ ಹಾಕಿ, ಇಂಜಿನ್ ಆರಿಸಿ ಇಳಿಯುತ್ತೇನೆ. ಅವಳು ಕೋಲು ಹಿಡಿದು ದೂರದಲ್ಲೇ ನಿಂತಿರುತ್ತಾಳೆ. "ಬಾರಮ್ಮಿ, ಇಳ್ದಿವ್ನಿ" ಅಂದರೆ ಬರುವುದಿಲ್ಲ. ನಾನು ಕೀ ತೆಗೆದು, ಕೈ ಎತ್ತಿ ತೋರಿಸಬೇಕು. ಮೊದಲೆಲ್ಲ ಅವಳು ನನ್ನನ್ನು ನೋಡಿ ಬರುತ್ತಿದ್ದಳು. ಈಗ ಕೀ ನೋಡಿ ಬರುತ್ತಾಳೆ.