ಮಜ್ಜಿಗೆಯ ನಂತರ ಕೇಕು

ನಮ್ಮ ವಾಸಣ್ಣ ರುಚಿ ನೋಡುವಾಗ ಒಂದು ಕಾಲು ಎತ್ತುತ್ತಿದ್ದ. ಸೌಟಿನಿಂದ ಅಂಗೈಗೆ ಒಂದು ತೊಟ್ಟು ಸಾರು ಬಿಟ್ಟುಕೊಂಡು, ಕಣ್ಣು ಮುಚ್ಚಿ, ಎಡಗಾಲನ್ನು ಮೇಲೆತ್ತಿ ಗದ್ದೆಯ ಕೊಕ್ಕರೆಯ ಹಾಗೆ ನಿಂತುಬಿಡುತ್ತಿದ್ದ. ಉಪ್ಪು ಹುಳಿ ಸರಿ ಇದ್ದರೆ ಕಾಲು ಮೆಲ್ಲ ಕೆಳಗಿಳಿಯುತ್ತಿತ್ತು. ತಪ್ಪಿದ್ದರೆ ಅದೇ ಕಾಲಿನಿಂದ ನೆಲಕ್ಕೊಂದು ಒದೆ. "ನಿನ್ನ ನಾಲಗೆ ಇರುದು ಬಾಯಲ್ಲಾ, ಹಿಮ್ಮಡಿಯಲ್ಲಾ ಮಾರಾಯ?" ಎಂದು ಅಮ್ಮ ಕೇಳುತ್ತಿದ್ದಳು. "ಎರಡು ಕಾಲಲ್ಲಿ ನಿಂತ್ರೆ ನಂಗೆ ಹುಳಿ ಗೊತ್ತೇ ಆಗುದಿಲ್ಲ ಅಮ್ಮ" ಎನ್ನುತ್ತಿದ್ದ ಅವನು. ತಮಾಷೆಗೆ ಹೇಳಿದ್ದಲ್ಲ, ನಿಜವಾಗಿಯೂ ಹಾಗೆಂದು ನಂಬಿದ್ದ.

ನಮ್ಮ ಊರು ಮರ್ಕಂಜ. ಅಪ್ಪನಿಗೆ ನಾವಿಬ್ಬರೇ ಮಕ್ಕಳು, ವಾಸಣ್ಣ ದೊಡ್ಡವ, ನಾನು ಸಣ್ಣವಳು. ಹೈಸ್ಕೂಲಿಗೆಂದು ಅವನನ್ನು ಪುತ್ತೂರಿನಲ್ಲಿ ನೆಂಟರ ಮನೆಯಲ್ಲಿ ಬಿಟ್ಟಿದ್ದರು. ಅವನು ಶಾಲೆಗೂ ಹೋಗುತ್ತಿದ್ದ, ಇಲ್ಲ ಅನ್ನಲಾರೆ. ಆದರೆ ಸಂಜೆ ಗಂಟೆ ಬಾರಿಸಿದ್ದೇ ಪೇಟೆಯ ಒಂದು ಬೇಕರಿಯ ಹಿಂಬಾಗಿಲಿಗೆ ಓಟ. ಹಿಟ್ಟು ನಾದಲಿಕ್ಕೆ ಬಿಟ್ಟರೆ ಸಾಕು, ಬೇರೇನೂ ಬೇಡ ಅವನಿಗೆ. ಆ ಕಾಲದಲ್ಲಿ ನಮ್ಮಲ್ಲಿ ಬ್ರೆಡ್ ಎಂದರೆ ಜ್ವರ ಬಂದವರ ಊಟ. ಯಾರ ಕೈಯಲ್ಲಾದರೂ ಕಂಡರೆ "ಯಾರಿಗೆ ಹುಷಾರಿಲ್ಲ?" ಎಂದು ಕೇಳುವುದೇ ರೂಢಿ.

ಒಂದು ಶನಿವಾರ ಅವನು ಬೇಕರಿಯಿಂದ ನೇರ ಬಸ್ಸು ಹತ್ತಿ ಊರಿಗೆ ಬಂದ. ಉಬ್ಬಿದ ಹುಳಿಹಿಟ್ಟಿನ ವಾಸನೆ ಮೈಗೆಲ್ಲ ಹಿಡಿದಿತ್ತು. ಪಾನನಿರೋಧದ ಕಾಲ ಬೇರೆ! ಅಂಗಳದಲ್ಲೇ ಅಪ್ಪನ ಮೂಗಿಗೆ ಅದು ಬಡಿಯಿತು.

"ಕುಡಿದು ಬಂದ್ಯಾ?"

"ಇಲ್ಲಪ್ಪ, ನಾದಿ ಬಂದೆ!"

ಹೀಗೊಂದು ಉತ್ತರಕ್ಕೆ ಯಾವ ಅಪ್ಪ ತಾನೇ ಸುಮ್ಮನಿದ್ದಾನು? ಬೆನ್ನಿಗೆ ಎರಡು ಬಿತ್ತು. ವಾಸಣ್ಣ ಅಳುತ್ತಲೇ ಶಾಲೆಯ ಚೀಲದಿಂದ ಸಾಕ್ಷಿಗೆಂದು ತಾನೇ ಮಾಡಿದ ಬನ್ನು ತೆಗೆದ. ಅದನ್ನು ಕಂಡದ್ದೇ ಅಮ್ಮ ಒಳಗಿಂದ ಓಡಿ ಬಂದು ಅವನ ಹಣೆ ಮುಟ್ಟಿ, "ಅಯ್ಯೋ ದೇವರೇ, ಜ್ವರ ಯಾವಾಗಿಂದ ಮಗ?" ಎಂದಳು. ನಾನು ನಕ್ಕು ನಕ್ಕು ಜಗಲಿಯಿಂದ ಕೆಳಗೆ ಬಿದ್ದೆ.

ಮೆಟ್ರಿಕ್ ಆದ ಮೇಲೆ ಮದ್ರಾಸಿನಲ್ಲಿದ್ದ ಸೋದರಮಾವ ಅವನನ್ನು ಕರೆಸಿಕೊಂಡು ಕಾಲೇಜಿಗೆ ಸೇರಿಸಿದ. ಯಾವ ಕಾಲೇಜು ಎಂದು ಅಪ್ಪ ಕೇಳಲಿಲ್ಲ, ಮಾವ ಹೇಳಲಿಲ್ಲ. ಅಪ್ಪ ತನ್ನಷ್ಟಕ್ಕೆ ಕಾಮರ್ಸ್ ಎಂದು ತೀರ್ಮಾನಿಸಿ ಊರಿಗೆಲ್ಲ ಹೇಳಿಕೊಂಡು ಬಂದರು. ವರ್ಷ ಕಳೆದು ನನ್ನ ಮದುವೆ ನಿಶ್ಚಯವಾಯಿತು, ವಾಸಣ್ಣ ರಜೆ ಹಾಕಿ ಬಂದ. ಅವನ ಟ್ರಂಕು ಬಿಚ್ಚಿದವರು ಅಪ್ಪ. ಒಳಗೆ ನೀಟಾಗಿ ಬಟ್ಟೆ ಸುತ್ತಿಟ್ಟ ಕತ್ತಿಗಳು. ಗಿಡ್ಡದ್ದು, ಉದ್ದದ್ದು, ಹಲ್ಲಿರುವುದು. ಜೊತೆಗೆ ಒಂದು ಬಿಳಿ ಕೋಟು, ದಿಂಬಿನ ಚೀಲದಂಥ ಒಂದು ಎತ್ತರದ ಟೊಪ್ಪಿ.

"ಕಾಮರ್ಸ್ ಓದ್ಲಿಕ್ಕೆ ಇಷ್ಟು ಕತ್ತಿ ಎಂತಕ್ಕೆ?" ಎಂದರು ಅಪ್ಪ.

ವಾಸಣ್ಣ ಟ್ರಂಕಿನ ಮುಚ್ಚಳ ಮುಚ್ಚಿದ. "ಅದು ಅಡುಗೆ ಕಾಲೇಜು ಅಪ್ಪ. ಅಡುಗೆ, ಬೇಕಿಂಗ್, ದೊಡ್ಡ ದೊಡ್ಡ ಸಮಾರಂಭಕ್ಕೆ ಊಟದ ಏರ್ಪಾಡು ಮಾಡುದು, ಎಲ್ಲ ಕಲಿಸ್ತಾರೆ. ಇನ್ನೊಂದು ವರ್ಷ ಉಂಟು."

"ಸೌಟು ಹಿಡೀಲಿಕ್ಕೆ ಮದ್ರಾಸಿಗೆ ಹೋದದ್ದಾ ನೀನು? ಇನ್ನು ಹೋಗುದು ಬೇಡ. ಇಲ್ಲೇ ತೋಟ ನೋಡ್ಕೊಂಡು ಬಿದ್ದಿರು."

ಮನೆಯಲ್ಲಿ ಮದುವೆಯ ಸಂಭ್ರಮವೆಲ್ಲ ತಣ್ಣಗಾಯಿತು. ವಾಸಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಊಟ ಬಿಡುವ ಜನ ಅಲ್ಲ ಅವನು! ಕೊನೆಗೆ ಅಮ್ಮ ಕಣ್ಣೀರು ಹಾಕಿ ಒಂದು ರಾಜಿ ಮಾಡಿಸಿದಳು. ಮದುವೆಯ ಅಡುಗೆ ವಾಸಣ್ಣನೇ ಮಾಡುವುದು. ಕೊಯಿಲದ ಬೀಗರ ಕಡೆಯ ದೊಡ್ಡಜ್ಜ ಉಂಡು "ಒಳ್ಳೆದುಂಟು" ಎಂದರೆ ಅವನು ಮದ್ರಾಸಿಗೆ ವಾಪಸು ಹೋಗಬಹುದು. ಇಲ್ಲದಿದ್ದರೆ ತೋಟ. ಅಪ್ಪ ಇದಕ್ಕೆ ಒಪ್ಪಿದ್ದು ಸುಮ್ಮನೆ ಅಲ್ಲ. ಆ ದೊಡ್ಡಜ್ಜ ಯಾವ ಊಟವನ್ನೂ ಹೊಗಳಿದವರಲ್ಲ. ತನ್ನ ಸ್ವಂತ ಮದುವೆಯಲ್ಲೇ ಸಾಂಬಾರಿಗೆ ಕೊತ್ತಂಬರಿ ಕಮ್ಮಿ ಎಂದು ಮಾವನ ಹತ್ತಿರ ಜಗಳ ಮಾಡಿದ ಆಸಾಮಿ ಎಂದು ಊರೆಲ್ಲ ಪ್ರಸಿದ್ಧಿ. ಅಪ್ಪನದು ಇನ್ನೂ ಒಂದು ಷರತ್ತು ಇತ್ತು: "ನೀನು ಹೊರಗೆ ಬರುದು ಬೇಡ. ಮಂಗಳೂರಿನ ಅಡುಗೆಯವರು ಬಂದಿದ್ದಾರೆ ಹೇಳುವ. ನಂಗೂ ಒಂದು ಮರ್ಯಾದೆ ಉಂಟು."

ವಾಸಣ್ಣ ಎಲ್ಲದಕ್ಕೂ ಹೂಂ ಎಂದ. ಮದುವೆಗೆ ಮುಂಚಿನ ದಿನ ಅಮ್ಮ ಅವನ ಟೊಪ್ಪಿಯನ್ನು ಒಗೆದು, ಗಟ್ಟಿ ನಿಲ್ಲಲೆಂದು ಗಂಜಿ ತಿಳಿಯಲ್ಲಿ ಅದ್ದಿ ಬೇಲಿಗೆ ಹಾಕಿದಳು. ಗಂಜಿಯ ರುಚಿಗೆ ನಮ್ಮ ಕರು ಅದನ್ನು ಅರ್ಧ ತಿಂದುಬಿಟ್ಟಿತು. "ಕರುವಿಗೆ ಬುದ್ಧಿ ಉಂಟು" ಎಂದರು ಅಪ್ಪ, ಬಹಳ ಸಂತೋಷದಿಂದ. ಬರಿತಲೆಯಲ್ಲಿ ಒಲೆಯ ಹತ್ತಿರ ಹೋಗಬಾರದೆಂದು ಕಾಲೇಜಿನ ನಿಯಮವಂತೆ. ವಾಸಣ್ಣ ದನದ ಹಟ್ಟಿಯ ಗೋಡೆಯಲ್ಲಿ ನೇತುಹಾಕಿದ್ದ ಮುಟ್ಟಾಳೆ ಎಂಬ ಅಡಿಕೆ ಹಾಳೆಯ ಟೊಪ್ಪಿಯನ್ನು ತೆಗೆದು ತೊಳೆದು ತಲೆಗೇರಿಸಿಕೊಂಡ. ಬಿಳಿ ಕೋಟು, ಮೇಲೆ ಕೆಲಸದಾಳಿನ ಮುಟ್ಟಾಳೆ. ಆ ವೇಷಕ್ಕೆ ಚೆಂಡೆ ಒಂದು ಬಾಕಿ.

ಅವನ ನಂಬಿಕೆಯೆಲ್ಲ ಇದ್ದದ್ದು ಕೇಕಿನ ಮೇಲೆ. ಮೊಟ್ಟೆ ಇಲ್ಲದೆ, ಕದಳಿ ಹಣ್ಣು, ಬೆಲ್ಲ, ತೆಂಗಿನಕಾಯಿ ಹಾಕಿದ ಕೇಕು. ಓವನ್ ಎಲ್ಲಿಂದ ಬರಬೇಕು? ನಮ್ಮ ಕಡೆ ಕೆಂಡದಡ್ಯೆ ಎಂಬ ತಿಂಡಿಗೆ ಮಾಡುವ ಹಾಗೆ ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸಿದ. ಹಿತ್ತಿಲಿಗೆಲ್ಲ ಪರಿಮಳ. ಅರಶಿನ ಹಚ್ಚಿಸಿಕೊಂಡು ಕೂತಿದ್ದ ನನಗೆ ಬಾಯಲ್ಲಿ ನೀರು. "ಸಿಹಿ ಯಾವಾಗ್ಲೂ ಕೊನೆಗೆ ಬರ್ಬೇಕು ಕಮಲ" ಎಂದು ನನಗೆ ಪಾಠ ಮಾಡಿದ. "ಬೇರೆ ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ. ಉಂಡವರ ಬಾಯಲ್ಲಿ ಉಳಿಯುದು ಅದೇ."

ಮದುವೆಯ ದಿನ ನಾನು ಗಂಡನ ಪಕ್ಕದಲ್ಲಿ ಎಲೆಯ ಮುಂದೆ ತಲೆ ಬಗ್ಗಿಸಿ ಕೂತಿದ್ದೆ. ತಲೆ ಮಾತ್ರ ಬಗ್ಗಿಸಿದ್ದು, ಕಣ್ಣೆಲ್ಲ ಸಾಲಿನ ತುದಿಯಲ್ಲಿದ್ದ ದೊಡ್ಡಜ್ಜನ ಮೇಲೆ. ಪಲ್ಯ ಬಂತು, ಸಾರು ಬಂತು, ಮೇಲಾರ ಬಂತು, ಪಾಯಸವೂ ಬಂತು. ಅಜ್ಜ ಎಲ್ಲ ಎರಡೆರಡು ಸಲ ಹಾಕಿಸಿಕೊಂಡರು, ಬಾಯಿ ಬಿಡಲಿಲ್ಲ. ಪರವಾಗಿಲ್ಲ, ಕೇಕು ಉಂಟಲ್ಲ ಎಂದು ನಾನು ಧೈರ್ಯ ತಂದುಕೊಂಡೆ. ಆಗ ಮಜ್ಜಿಗೆ ಬಂತು. ಅಯ್ಯೋ ಮಂಗ! ಕಟ್ಟಕಡೆಗೆ ಎಂದರೆ ಮಜ್ಜಿಗೆಯೂ ಆದ ಮೇಲೆ ಎಂದು ಇವನು ತಿಳಿದುಕೊಂಡಿದ್ದಾನೆ! ನಮ್ಮಲ್ಲಿ ಮಜ್ಜಿಗೆ ಅನ್ನ ಉಂಡರೆ ಊಟ ಮುಗಿಯಿತು. ಹಿರಿಯರು ಎದ್ದರೆ ಸಾಲಿಗೆ ಸಾಲೇ ಏಳಬೇಕು. ಎದ್ದವರು ಮತ್ತೆ ಎಲೆಗೆ ಕೂರುವ ಹಾಗಿಲ್ಲ. ಇಲ್ಲೇ ಹುಟ್ಟಿ ಬೆಳೆದವನಿಗೆ ಒಂದೇ ವರ್ಷದಲ್ಲಿ ಮದ್ರಾಸು ಇಷ್ಟು ತಲೆಗೆ ಹತ್ತಬೇಕೇ?

ದೊಡ್ಡಜ್ಜ ಕೈ ನೆಕ್ಕಿ, ತೇಗಿ, ಎದ್ದರು. ಇಡೀ ಸಾಲು ಎದ್ದಿತು. ಸರಿಯಾಗಿ ಅದೇ ಹೊತ್ತಿಗೆ ಬಡಿಸುವವರು ಕೇಕಿನ ತಟ್ಟೆ ಹಿಡಿದು ಚಪ್ಪರಕ್ಕೆ ಬಂದರು. ಎದುರಿಗೆ ಖಾಲಿ ಎಲೆಗಳು, ಆಚೆ ಕೈ ತೊಳೆಯುವವರ ಬೆನ್ನುಗಳು. ನಾನೂ ಏಳಬೇಕಾಯಿತು. ಕಣ್ಣಲ್ಲಿ ದಳದಳ ನೀರು. "ಹುಡುಗಿಗೆ ತವರು ಬಿಡ್ಲಿಕ್ಕೆ ಬೇಜಾರು, ಪಾಪ" ಎಂದು ಬೀಗಿತ್ತಿ ಬೆನ್ನು ಸವರಿದರು. ತವರು ಹಾಳಾಗಲಿ, ನನಗೆ ಇದ್ದದ್ದು ಕೇಕಿನ ಚಿಂತೆ!

ಅಷ್ಟರಲ್ಲಿ ಅಡುಗೆಯ ಕೊಟ್ಟಿಗೆಯಿಂದ ವಾಸಣ್ಣನೇ ಹೊರಗೆ ನುಗ್ಗಿದ. ಕೋಟು, ಮುಟ್ಟಾಳೆ, ಮೈಯೆಲ್ಲ ಬೂದಿ. ಖಾಲಿ ಎಲೆಗಳನ್ನು ನೋಡಿದ. ಜಗಲಿಯಲ್ಲಿ ವೀಳ್ಯದ ಹರಿವಾಣದ ಸುತ್ತ ಕೂತಿದ್ದ ಹಿರಿಯರನ್ನು ನೋಡಿದ. ಒಂದು ತಟ್ಟೆ ಕಸಿದುಕೊಂಡು ಹೋಗಿ ಕೇಕಿನ ತುಂಡುಗಳನ್ನು ಹರಿವಾಣದಲ್ಲಿ ವೀಳ್ಯದೆಲೆಯ ಪಕ್ಕದಲ್ಲೇ ಜೋಡಿಸಿಬಿಟ್ಟ. ದೊಡ್ಡಜ್ಜ ಯಾರ ಹತ್ತಿರವೋ ಮಾತಾಡುತ್ತಾ, ನೋಡದೆ ಒಂದು ತುಂಡು ಎತ್ತಿದರು. ಎಲೆಗೆ ಸುಣ್ಣ ಸವರಿದರು. ಕೇಕನ್ನು ಅದರೊಳಗೆ ಮಡಚಿ ಬಾಯಿಗಿಟ್ಟರು.

ಅಜ್ಜನ ದವಡೆ ಎರಡು ಸಲ ಆಡಿ ನಿಂತಿತು. ಮತ್ತೆ ಮೆಲ್ಲ ಆಡಿತು.

"ಇದೆಂತದು?" ಎಂದರು. "ಒಳ್ಳೆದುಂಟು ಮಾರಾಯ್ರೆ! ಇನ್ನೊಂದು ಕೊಡಿ. ಸುಣ್ಣ ಇಲ್ಲದ್ದು." ಅದನ್ನೂ ತಿಂದು, ಬೆರಳು ಒರೆಸಿ, ಅಪ್ಪನ ಕಡೆ ತಿರುಗಿದರು. "ಯಾರು ಮಾಡಿದ್ದು ಇದು?"

ಅಪ್ಪ ಬಾಯಿ ತೆರೆದರು. ಮಂಗಳೂರಿನವರು ಎನ್ನುತ್ತಾರೆ ಎಂದೇ ನಾನು ತಿಳಿದೆ. ಅಪ್ಪ ಒಮ್ಮೆ ಆ ಮುಟ್ಟಾಳೆಯನ್ನು ನೋಡಿದರು, ಒಮ್ಮೆ ನೆಲ ನೋಡಿದರು.

"ನನ್ನ ಮಗ" ಎಂದರು. "ಮದ್ರಾಸಿನಲ್ಲಿ ಅಡುಗೆ ಕಲೀತಾ ಇದ್ದಾನೆ. ಇನ್ನೊಂದು ವರ್ಷ ಉಂಟು."

ವಾಸಣ್ಣ ಆ ವರ್ಷ ಮುಗಿಸಿದ. ಬೊಂಬಾಯಿಯ ಒಂದು ದೊಡ್ಡ ಹೋಟೆಲಿನಲ್ಲಿ ಬೇಕಿಂಗ್ ವಿಭಾಗ ಸೇರಿದ. ನಾನು ಅವನನ್ನು ಕೊನೆಯ ಸಲ ನೋಡಿದ್ದು ಕೊಯಿಲದ ನಮ್ಮ ಮನೆಯಲ್ಲಿ. ಬಂದವನು ಕಾಲು ತೊಳೆಯುವ ಮೊದಲೇ ನನ್ನ ಸಾರಿನ ಪಾತ್ರೆಗೆ ಸೌಟು ಹಾಕಿ, "ಕಮಲ, ಭಾವ ನಿನ್ನನ್ನು ಇನ್ನೂ ಇಟ್ಕೊಂಡದ್ದು ದೊಡ್ಡ ವಿಷಯ" ಎಂದ. ನನ್ನನ್ನು ಒಲೆಯ ಹತ್ತಿರ ಸೇರಿಸದೆ ಎಲ್ಲರಿಗೂ ತಾನೇ ಅಡುಗೆ ಮಾಡಿ ಬಡಿಸಿದ. ಮುಂದಿನ ಸಲ ಬರುವಾಗ ನನ್ನ ಮಕ್ಕಳಿಗೆ ಬನ್ನು ನಾದಲು ಕಲಿಸುತ್ತೇನೆಂದು ಹೇಳಿ ಬಸ್ಸು ಹತ್ತಿದ. ಬರಲಿಲ್ಲ. ಆ ಮಳೆಗಾಲದಲ್ಲಿ ಬೊಂಬಾಯಿಯಲ್ಲಿ ಟೈಫಾಯ್ಡ್ ಆಗಿ ತೀರಿಕೊಂಡ. ಇನ್ನೂ ಮದುವೆ ಕೂಡ ಆಗಿರಲಿಲ್ಲ.

ಸುದ್ದಿ ಬಂದ ಮೇಲೆ ನಾನು ಮರ್ಕಂಜಕ್ಕೆ ಹೋದೆ. ಒಂದು ಸಂಜೆ ಜಗಲಿಯಲ್ಲಿ ಕೂತಿದ್ದಾಗ ಅಪ್ಪ ತಾವಾಗಿಯೇ ಹೇಳಿದರು: "ಅವತ್ತು ಆ ಅಜ್ಜ ಕೇಳಿದಾಗ ನಾನು ‘ಮಂಗಳೂರಿನವರು’ ಅಂತ ಹೇಳಿ, ಇವನಿಗೆ ಕೊಟ್ಟ ಮಾತು ತಪ್ಪಿದ್ರೆ ಆಗ್ತಿತ್ತು. ಅವ ಇಲ್ಲೇ ಇರ್ತಿದ್ದ."

"ಇರ್ತಿದ್ದ ಅಪ್ಪ" ಎಂದೆ.

ಅಪ್ಪ ನನ್ನ ಕಡೆ ತಿರುಗಿ, "ನಾನು ‘ನನ್ನ ಮಗ’ ಅಂತ ಹೇಳಿದಾಗ ಅವನ ಮುಖ ನೋಡಿದ್ಯಾ ನೀನು?" ಎಂದು ಕೇಳಿದರು.

"ನೋಡಿದ್ದೆ ಅಪ್ಪ" ಎಂದೆ.