ಗಾಯಕರೊಬ್ಬರು

ನನ್ನ ಗಂಡ ವಿಕ್ಟರ್ ಒಮಾನ್ ದೇಶದ ರುಸ್ತಾಕ್ ಊರಿನ ಒಂದು ಕಟ್ಟಡ ಕಂಪನಿಯಲ್ಲಿ ಸ್ಟೋರ್‌ಕೀಪರ್. ವಾರವಿಡೀ ಪೈಪು, ಸಿಮೆಂಟು, ಮೊಳೆ. ಶುಕ್ರವಾರದ ರಜೆಯಲ್ಲಿ ಮಾತ್ರ ಅವರು ಸಾಹಿತಿ. ಮಂಗಳೂರಿನ ಕೊಂಕಣಿ ವಾರಪತ್ರಿಕೆಗೆ ಆರು ಧಾರಾವಾಹಿ ಕಾದಂಬರಿ ಬರೆದರು. ಒಮಾನಿನಲ್ಲಿ ನಮ್ಮವರು ನಡೆಸುವ ಸಂಗೀತ ಸಂಜೆಗಳ ವರದಿಯೂ ಅವರದ್ದೇ. ಅವರ ಅಕ್ಷರ ದೇವರಿಗೇ ಪ್ರೀತಿ. ಓದಲಾಗುವುದಿಲ್ಲವೆಂದು ಅಚ್ಚಿನವರು ದೂರಿದ ಮೇಲೆ ಶುದ್ಧ ಪ್ರತಿ ಮಾಡುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ನಾನು ಮಾಡಿದ ಪ್ರತಿ, ರಜೆಗೆ ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿ ಹೋಗುತ್ತಿತ್ತು. ಅಚ್ಚಾದ ಪತ್ರಿಕೆ ಮರಳಿ ಬರುವವರ ಪೆಟ್ಟಿಗೆಯಲ್ಲಿ, ಒಣಮೀನಿನ ವಾಸನೆ ಹೊತ್ತು ಬರುತ್ತಿತ್ತು.

೧೯೮೩ರಲ್ಲಿ ನಮ್ಮ ಮಗಳು ಜೇನ್ ಜ್ವರ ಬಂದು ಮೂರೇ ದಿನಕ್ಕೆ ಹೋದಳು. ಅವಳಿಗೆ ಎರಡೂವರೆ ವರ್ಷ. ವಿಕ್ಟರ್ ಅವಳ ಮೇಲೆ ಒಂದು ಜೋಗುಳ ಕಟ್ಟಿದರು. ಪ್ರತಿ ಚರಣದ ಕೊನೆಗೂ ಅವಳ ಹೆಸರು ಬರುತ್ತಿತ್ತು. ಅವಳು ಹೋದ ತಿಂಗಳಿಗೆ ಇಡಿಸಿದ ಪೂಜೆಗೆ ಬಂದಿದ್ದ ಮಸ್ಕತ್ತಿನ ಗಾಯಕ ಕ್ಲಾರೆನ್ಸ್ ಅದನ್ನು ಕೇಳಿ ಕಣ್ಣೊರೆಸಿಕೊಂಡ. ಮಗುವಿನ ನೆನಪಿಗೆ ಹಾಡುತ್ತೇನೆಂದು ಹಾಡಿನ ಹಾಳೆ ತೆಗೆದುಕೊಂಡು ಹೋದ.

ಮರುವರ್ಷ ಅವನ ಕ್ಯಾಸೆಟ್ ಬಂತು. ನನ್ನ ಮಗಳ ಜೋಗುಳಕ್ಕೆ ಡ್ರಮ್ಸ್ ಬಡಿದಿದ್ದ. ಜೇನ್ ಇದ್ದಲ್ಲೆಲ್ಲ ‘ಮೈ ಡಾರ್ಲಿಂಗ್’. ಸಾಹಿತ್ಯ, ಸಂಗೀತ, ಗಾಯನ ಎಲ್ಲದರ ಎದುರೂ ಕ್ಲಾರೆನ್ಸ್. ಮದುವೆ ಮನೆಗಳಲ್ಲಿ ಜನ ಅದಕ್ಕೆ ಕುಣಿದರು. ನಾನು ಹೊರಗೆ ಬಂದು ಅಂಗಳದಲ್ಲಿ ನಿಲ್ಲುತ್ತಿದ್ದೆ.

ವಿಕ್ಟರ್ ಹೋಗಿ ಕೇಳಿದರು. ಅವನು ನಕ್ಕುಬಿಟ್ಟ.

“ಸತ್ತ ಮಗುವಿನ ಹೆಸರಿಗೆ ಯಾರು ಕುಣೀತಾರೆ ಮಾರಾಯಾ? ಹಾಡು ಓಡ್ಬೇಕಲ್ವಾ? ಖಲಾಸ್, ಬಿಟ್ಬಿಡು.”

ವಿಕ್ಟರ್ ಜಗಳವಾಡುವ ಜನವಲ್ಲ. ಆದರೆ ಮುಂದಿನ ಸಂಗೀತ ಸಂಜೆಯ ವರದಿಯಲ್ಲಿ ಡ್ರಮ್ಸ್‌ನ ಬಾಸಿಲ್, ಮೈಕಿನ ಮುಹಿಯುದ್ದೀನ್, ಗೋಳಿಬಜೆ ಕರಿದ ವಾರಿಜಾಕ್ಷಿ ಎಲ್ಲರೂ ಇದ್ದರು. ಕ್ಲಾರೆನ್ಸ್ ಇರಲಿಲ್ಲ. ‘ಗಾಯಕರೊಬ್ಬರು ನಾಲ್ಕು ಹಾಡು ಹಾಡಿದರು’ ಎಂದಿತ್ತು, ಅಷ್ಟೇ. ಪ್ರತಿ ಮಾಡುವಾಗ ಆ ಸಾಲನ್ನು ನಾನು ಮುತ್ತು ಪೋಣಿಸಿದ ಹಾಗೆ ಬರೆದೆ. ಹನ್ನೆರಡು ವರ್ಷ ಹಾಗೆಯೇ ಬರೆದೆ. ಮಸ್ಕತ್, ಸಲಾಲಾ, ಎಲ್ಲಿ ಹಾಡಿದರೂ ಅವನು ಗಾಯಕರೊಬ್ಬರು. ನಮ್ಮವರಿಗೆ ಊರಿನ ಪತ್ರಿಕೆಯಲ್ಲಿ ಹೆಸರು ಬಾರದಿದ್ದರೆ ಹಾಡಿದ್ದೇ ಸುಳ್ಳು. ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು, ಸುಳ್ಳೇಕೆ ಹೇಳಲಿ?

೧೯೯೬ರಲ್ಲಿ ಕ್ಲಾರೆನ್ಸ್ ರುಸ್ತಾಕಿಗೆ ನಮ್ಮ ಮನೆಗೇ ಬಂದ. ಕೂದಲು ನರೆತಿತ್ತು.

“ಲೂರ್ಡ್ಸ್ ಬಾಯಿ, ಊರಲ್ಲಿ ನಮ್ಮಮ್ಮನಿಗೆ ಎಂಬತ್ತೆರಡಾಯ್ತು. ವಾರ ವಾರ ಪೇಪರ್ ಹಿಡ್ಕೊಂಡು ನನ್ನ ಹೆಸರು ಹುಡುಕ್ತಾರೆ. ಮಗ ಹಾಡುದು ಬಿಟ್ಟನಾ ಅಂತ ಕೇಳ್ತಾರೆ. ಒಂದು ಸಲ ಬರೀಲಿಕ್ಕೆ ಹೇಳಿ.”

ನಾನು ಚಹಾ ಕೊಟ್ಟು ಕಳಿಸಿದೆ.

ಮುಂದಿನ ತಿಂಗಳು ಮಸ್ಕತ್ತಿನ ವೇದಿಕೆಯಲ್ಲಿ ಅವನು ಡ್ರಮ್ಸ್ ನಿಲ್ಲಿಸಿ, ಇದು ವಿಕ್ಟರ್ ತನ್ನ ಮಗಳಿಗಾಗಿ ಬರೆದ ಹಾಡು, ನಾನು ಕದ್ದಿದ್ದೆ ಎಂದ. ಆಮೇಲೆ ನಿಧಾನವಾಗಿ, ಜೇನ್ ಎಂದೇ ಹಾಡಿದ. ವಿಕ್ಟರ್ ಎಲ್ಲರೆದುರು ಅತ್ತುಬಿಟ್ಟರು. ನನ್ನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ.

ಶುಕ್ರವಾರ ವರದಿ ಬರೆದು ನನ್ನ ಕೈಗಿತ್ತರು.

“ಈ ಸಲ ಅವನ ಹೆಸರು ಹಾಕಿದ್ದೇನೆ. ಸಾಕು ಲೂರ್ಡ್ಸ್, ಇನ್ನೆಷ್ಟು ವರ್ಷ?”

ಅವರು ಕ್ಷಮಿಸಿದ್ದರು. ಅದು ಅವರ ದೊಡ್ಡತನ. ಪೆನ್ನು ನನ್ನ ಕೈಯಲ್ಲಿತ್ತು. ‘ಮಗಳು ಜೇನ್‌ಗಾಗಿ ವಿಕ್ಟರ್ ಬರೆದ ಜೋಗುಳವನ್ನು ಗಾಯಕರೊಬ್ಬರು ಹಾಡಿದರು’ ಎಂದು ದುಂಡಗೆ ಬರೆದೆ. ಲಕೋಟೆ ಅಂಟಿಸಿ ಅವತ್ತೇ ಊರಿಗೆ ಹೊರಟಿದ್ದ ಬಾಸಿಲ್‌ನ ಕೈಗೆ ಕೊಟ್ಟೆ.

ಪತ್ರಿಕೆ ಬಂದಾಗ ವಿಕ್ಟರ್ ಆ ಸಾಲು ಓದಿ ನನ್ನ ಮುಖ ನೋಡಿದರು. ಪತ್ರಿಕೆ ಮಡಚಿಟ್ಟರು. ಕ್ಲಾರೆನ್ಸನ ಅಮ್ಮ ಆ ಸಂಚಿಕೆಯನ್ನೂ ಕೊನೆಯ ಪುಟದವರೆಗೆ ಹುಡುಕಿರಬೇಕು. ಹುಡುಕಲಿ. ನಾನೂ ತಾಯಿಯೇ. ಆ ಕ್ಯಾಸೆಟ್ ಹಾಕಿದಾಗಲೆಲ್ಲ, ಎಲ್ಲಾದರೂ ಒಂದು ಕಡೆ ಜೇನ್ ಎಂದು ಉಳಿದಿದೆಯೋ ಎಂದು ಹನ್ನೆರಡು ವರ್ಷ ಕಿವಿಗೊಟ್ಟು ಕೇಳಿದವಳು.